ಕುದುರೆಗೆ ಕಾಳು, ನಮಗೆ ಕಟ್ಟು

ಮೆಟ್ಟಿಲ ಕೆಳಗಿನ ಕಪಾಟನ್ನು ಮೂರ್ನಾಲ್ಕು ವರ್ಷಕ್ಕೊಮ್ಮೆ ಖಾಲಿ ಮಾಡುವುದು ನನ್ನ ಪದ್ಧತಿ. ಲಂಡನ್ನಿನ ಸಾಲುಮನೆಗಳಲ್ಲಿ ಇದ್ದವರಿಗೆ ಆ ಕಪಾಟಿನ ಮಹಿಮೆ ಗೊತ್ತು. ಮನೆಯಲ್ಲಿ ಎಲ್ಲೂ ಸಲ್ಲದ ವಸ್ತುಗಳೆಲ್ಲ ಅಲ್ಲಿ ಸಲ್ಲುತ್ತವೆ. ಕಳೆದ ವಾರ ಹಾಗೆ ಒಳಗೆ ತಲೆ ತೂರಿಸಿದಾಗ, ಮುರಿದ ಕೊಡೆಗಳ ಹಿಂದೆ ಒಂದು ಜೊತೆ ಬೂಟು ಸಿಕ್ಕಿತು. ಅಡಿಯಲ್ಲಿ ಒಣಗಿದ ಮಣ್ಣು, ಮಣ್ಣಿನಲ್ಲಿ ಒಂದೆರಡು ಹುಲ್ಲುಕಡ್ಡಿ. ಮೂಗಿನ ಹತ್ತಿರ ಹಿಡಿದೆ. ಬೂಟನ್ನು ಯಾರಾದರೂ ಮೂಸುತ್ತಾರೆಯೇ ಎಂದು ನೀವು ಕೇಳಬಹುದು. ನಾನು ಹಾಲು, ಟವೆಲು, ಗಂಡನ ಅಂಗಿ ಎಲ್ಲವನ್ನೂ ಮೂಸಿಯೇ ತೀರ್ಮಾನಕ್ಕೆ ಬರುವವಳು. ಕುದುರೆಯ ವಾಸನೆ. ಮೂರು ವರ್ಷವಾದರೂ ಹೋಗಿರಲಿಲ್ಲ. ಕಪಾಟಿನ ಕೆಲಸ ಅಲ್ಲಿಗೇ ನಿಂತಿತು. ಮೆಟ್ಟಿಲ ಮೇಲೆ ಕೂತು ಲೀಲಕ್ಕನನ್ನು ನೆನೆಯತೊಡಗಿದೆ.

ಲೀಲಕ್ಕ ಲಂಡನ್ನಿನ ಹೇಸ್‌ನಲ್ಲಿ ನಮ್ಮದೇ ಬೀದಿಯವರು, ನಮ್ಮಿಂದ ನಾಲ್ಕನೆಯ ಬಾಗಿಲು. ಊರು ಮೈಸೂರು. ವಿಮಾನದಲ್ಲಿ ಕೊಡುತ್ತಾರಲ್ಲ, ಪುಟ್ಟ ಪುಟ್ಟ ಗುಳಿಗಳ ಊಟದ ತಟ್ಟೆ, ಅದನ್ನು ಜೋಡಿಸುವ ಕಡೆ ಅವರಿಗೆ ಕೆಲಸ. ಅದರಿಂದಲೋ ಏನೋ, ಅವರ ಕೈ ಒಂದು ವಸ್ತುವನ್ನು ಎರಡು ಸಲ ಮುಟ್ಟುವುದಿಲ್ಲ. ನಾನು ಒಂದು ಈರುಳ್ಳಿ ಹೆಚ್ಚುವುದರೊಳಗೆ ಚಾಕುವನ್ನು ಮೂರು ಸಲ ಕೆಳಗಿಟ್ಟು, ಎರಡು ಸಲ ಹುಡುಕುತ್ತೇನೆ. ಅವರು ಅಡುಗೆ ಮುಗಿಸಿದ ಮೇಲೆ ಅಡುಗೆಮನೆಯನ್ನು ನೋಡಿದರೆ ಅಲ್ಲಿ ಅಡುಗೆ ನಡೆದಿತ್ತೆಂಬುದಕ್ಕೆ ಸಾಕ್ಷಿಯೇ ಇರುವುದಿಲ್ಲ, ಪರಿಮಳದ ಹೊರತು.

ಅವರ ಯಜಮಾನರು ನಾಗರಾಜಣ್ಣ, ವಿಮಾನ ನಿಲ್ದಾಣದಲ್ಲಿ ಪಾಳಿಯ ಕೆಲಸ. ಒಳ್ಳೆಯ ಮನುಷ್ಯ. ಮದುವೆಯಾಗಿ ಇಲ್ಲಿಗೆ ಬಂದ ಹೊಸದರಲ್ಲಿ ಯಾರೋ ಹೆಂಡತಿಯ ತವರಿನ ಬಗ್ಗೆ ಕೇಳಿದಾಗ, "ನಮ್ಮ ಮಾವನವರದ್ದು ಟ್ರಾನ್ಸ್‌ಪೋರ್ಟ್ ಬಿಸಿನೆಸ್ಸು" ಎಂದುಬಿಟ್ಟರಂತೆ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಹೆಂಡತಿಯನ್ನು ಯಾರೂ ಹಗುರವಾಗಿ ನೋಡಬಾರದೆಂದು ಹೇಳಿದ್ದು. ಒಮ್ಮೆ ಹೇಳಿದ ಮೇಲೆ ಅದು ಬೆಳೆಯಿತು. ಮಗಳು ಅನು ಕೂಡ ತಾತನದು ಟ್ರಾನ್ಸ್‌ಪೋರ್ಟ್ ಕಂಪನಿ ಎಂದೇ ನಂಬಿ ಬೆಳೆದಳು.

ನಿಜ ಏನೆಂದು ಇಡೀ ಲಂಡನ್ನಿನಲ್ಲಿ ಗೊತ್ತಿದ್ದದ್ದು ನಾಗರಾಜಣ್ಣನನ್ನು ಬಿಟ್ಟರೆ ನನಗೊಬ್ಬಳಿಗೆ. ಒಂದು ಚಳಿಗಾಲದ ಮಧ್ಯಾಹ್ನ, ಅಂಗಡಿಯ ಫ್ರೀಜರಿನ ಅವರೆಕಾಳನ್ನು ನೀರಲ್ಲಿ ಹಾಕಿಕೊಂಡು ಇಬ್ಬರೂ ಹಿಚುಕುತ್ತಿದ್ದಾಗ ಲೀಲಕ್ಕ ಹೇಳಿದ್ದರು. ಅವರ ಅಪ್ಪ ಮರಿಯಪ್ಪ ಮೈಸೂರಿನಲ್ಲಿ ಜಟಕಾ ಹೊಡೆಯುತ್ತಿದ್ದರು. ಒಂದು ಗಾಡಿ, ಒಂದು ಕುದುರೆ. "ಯಾರಿಗೂ ಹೇಳ್ಬೇಡ ಕಣೇ" ಎಂದವರು ಮತ್ತೆ ಕಾಳು ಹಿಚುಕತೊಡಗಿದರು. ನಾನೂ ಹೇಳಲಿಲ್ಲ. ಹೇಳಬೇಕೆಂದು ನಾಲಿಗೆ ತುರಿಸಿದ್ದುಂಟು, ಸುಳ್ಳೇಕೆ.

ಹೀಗಿರುವಾಗ ಅನುವಿಗೆ ಮದುವೆಯ ಮಾತು ಬಂತು. ಹುಡುಗ ಕಾರ್ತಿಕ್, ಅವಳ ಆಫೀಸಿನವನೇ, ಮನೆ ಎಜ್‌ವೇರ್‌ನಲ್ಲಿ. ಮಕ್ಕಳು ತಾವೇ ತೀರ್ಮಾನ ಮಾಡಿಕೊಂಡಿದ್ದರು. ಹಿರಿಯರು ಒಪ್ಪುವ ಶಾಸ್ತ್ರವಷ್ಟೇ ಬಾಕಿ. ಸೋಫಾದ ಮೇಲೆ ಕೂತು ಉಪ್ಪಿಟ್ಟು ತಿನ್ನುತ್ತ ಒಬ್ಬರನ್ನೊಬ್ಬರು ಅಳೆಯುವುದು ಬೇಡ, ಬಯಲಲ್ಲಿ ಭೇಟಿಯಾಗೋಣ ಎಂದು ಕಾರ್ತಿಕ್ ಒಂದು ಯೋಜನೆ ಹಾಕಿದ. ಎಜ್‌ವೇರ್‌ಗೆ ಟ್ಯೂಬ್ ರೈಲು ಮುಗಿಯುತ್ತದೆ, ಆದರೆ ಲಂಡನ್ ಮುಗಿಯುವುದಿಲ್ಲ. ಆಚೆಗೆ ಹೊಲ, ಬೇಲಿ, ಕುದುರೆ ಲಾಯಗಳಿವೆ. ಅಂಥ ಒಂದು ಲಾಯವನ್ನು ಮೆಕ್ಸಿಕೋದ ಹೆಂಗಸೊಬ್ಬಳು ನಡೆಸುತ್ತಾಳೆ. ಬೆಳಿಗ್ಗೆ ಕುದುರೆ ಸವಾರಿ, ಮಧ್ಯಾಹ್ನ ಅವಳ ಕೈಯಾರೆ ಅವಳ ನಾಡಿನ ಊಟ.

ಲೀಲಕ್ಕ ಚಪ್ಪಲಿ ಮೆಟ್ಟಿಕೊಂಡು ನೇರ ನಮ್ಮ ಮನೆಗೆ ಬಂದರು. "ಕುದುರೆ ಅಂತೆ ಕಣೇ! ಬೇರೆ ಏನೂ ಸಿಗಲಿಲ್ವಾ ಆ ಮಕ್ಕಳಿಗೆ? ಆ ಹುಡುಗನ ತಾಯಿ ಶೈಲಜಾ ಅವ್ರು ಮನೆತನ ವಿಚಾರಿಸೋರಂತೆ. ನಮ್ಮೆಜಮಾನ್ರು ಆಗ್ಲೇ ಫೋನಲ್ಲಿ ಟ್ರಾನ್ಸ್‌ಪೋರ್ಟ್ ಅಂದಿದಾರೆ. ನಾನು ಕುದುರೆ ಮುಟ್ಟಿದ್ರೆ ನನ್ ಕೈ ಸುಮ್ನಿರಲ್ಲ, ಗೊತ್ತಾಗೋಗುತ್ತೆ. ನಾನಂತೂ ಮುಟ್ಟಲ್ಲ."

ನಾಗರಾಜಣ್ಣನಿಗೆ ಅಂದು ಪಾಳಿ ಇತ್ತು. ಹೆಣ್ಣಿನ ಕಡೆಯ ದೊಡ್ಡವರೆಂದು ನಾನು ಹೊರಟೆ. "ಕುದುರೆಗೆ ಇನ್ಶೂರೆನ್ಸ್ ಇದೆಯಾ ಕೇಳ್ಕೊಂಡು ಹತ್ತು" ಎಂದು ನನ್ನ ಗಂಡ ಬಾಗಿಲಲ್ಲೇ ಆಶೀರ್ವಾದ ಮಾಡಿದರು.

ಮೇ ತಿಂಗಳ ಶನಿವಾರ. ಬೇಲಿಯ ತುಂಬ ಬಿಳಿ ಹೂ, ಬಿಸಿಲಿಗೂ ಒಳ್ಳೆಯ ಬುದ್ಧಿ ಬಂದ ದಿನ. ಶೈಲಜಾ ಅವರು ಕೆನೆಬಣ್ಣದ ಪ್ಯಾಂಟು ಹಾಕಿಕೊಂಡು ಬಂದಿದ್ದರು. ಕುದುರೆ ಲಾಯಕ್ಕೆ ಕೆನೆಬಣ್ಣ ಹಾಕುವವರ ಧೈರ್ಯವನ್ನು ನಾನು ಇಂದಿಗೂ ಗೌರವಿಸುತ್ತೇನೆ. ಲಾಯದ ಒಡತಿಯ ಹೆಸರು ಲುಪೆ. ನಮ್ಮ ಕಡೆಯವಳೇ ಅನ್ನಿಸುವ ಮೈಬಣ್ಣ, ಬೆನ್ನ ಮೇಲೆ ನರೆತ ಜಡೆ. ಲೀಲಕ್ಕನ ತುರುಬು ಹೆಲ್ಮೆಟ್ಟಿನೊಳಗೆ ಹಿಡಿಸದೆ ನಾವೆಲ್ಲ ಒದ್ದಾಡುತ್ತಿದ್ದಾಗ, ಅವಳು ಬಂದು ತುರುಬು ಬಿಚ್ಚಿ, ನಮ್ಮ ಊರಿನ ಅಜ್ಜಿಯರ ಹಾಗೆ ಬಿಗಿಯಾಗಿ ಜಡೆ ಹೆಣೆದು ಬೆನ್ನಿಗೆ ಬಿಟ್ಟಳು.

ಆದರೆ ಲೀಲಕ್ಕ ಕುದುರೆ ಹತ್ತಲಿಲ್ಲ. "ಮಂಡಿ ನೋವು" ಎಂದು ಬೇಲಿಗೊರಗಿ, ಕೈಗಳೆರಡನ್ನೂ ಕಾರ್ಡಿಗನ್ನಿನ ಜೇಬಿಗೆ ಹಾಕಿಕೊಂಡು ನಿಂತರು. ಅವರನ್ನು ಬಲ್ಲ ನನಗೆ ಗೊತ್ತು, ಅವು ಜೇಬಿನಲ್ಲಿರುವ ಕೈಗಳಲ್ಲ.

ನನಗೆ ಸಿಕ್ಕಿದ್ದು ಒಂದು ಬೂದುಬಣ್ಣದ ಹೆಣ್ಣು ಕುದುರೆ. ವಯಸ್ಸಾದದ್ದು, ನನ್ನಂತೆಯೇ ತೂಕದ್ದು, ನನ್ನಂತೆಯೇ ಊಟದ ಕಡೆಗೆ ಗಮನ. ಹತ್ತು ಹೆಜ್ಜೆ ಇಟ್ಟು ನಿಂತುಬಿಟ್ಟಿತು. ಮುಂದೆ ಹೋಗಿದ್ದ ಮಕ್ಕಳು, ಶೈಲಜಾ ಅವರು ತಿರುಗಿ ಬಂದರು. ಲುಪೆ ಲಗಾಮು ಹಿಡಿದು ಎಳೆದಳು. ಅದು ಎರಡು ಹೆಜ್ಜೆ ಹಾಕಿ ಮತ್ತೆ ನಿಂತಿತು. "ಹೊಡೀಬೇಡಿ, ಹೊಡೀಬೇಡಿ" ಎಂದು ನಾನು ಯಾರೂ ಹೊಡೆಯದಿದ್ದರೂ ಮೇಲಿಂದ ಕೂಗುತ್ತಿದ್ದೆ.

ಆಗ ಜೇಬಿನಿಂದ ಆ ಕೈಗಳು ಹೊರಬಂದವು.

ಲೀಲಕ್ಕ ನಾಲಿಗೆಯಲ್ಲಿ ಟಕ್ ಟಕ್ ಎಂದು ಒಂದು ಸದ್ದು ಮಾಡುತ್ತ ಬಂದರು. ಕುದುರೆಯ ಕಿವಿ ಅತ್ತ ತಿರುಗಿತು. ಅದರ ಕುತ್ತಿಗೆಯ ಮೇಲೆ ಅಂಗೈ ಇಟ್ಟು, ಹಾಗೇ ಬೆನ್ನು, ಹಾಗೇ ಸೊಂಟ, ಹಾಗೇ ಹಿಂಗಾಲು, ಕೈ ಎಲ್ಲೂ ಬಿಡದೆ ಜಾರಿಸಿಕೊಂಡು ಹೋಗಿ, ಗೊರಸನ್ನು ಎತ್ತಿ ತಮ್ಮ ಮಂಡಿಯ ಮೇಲೆ ಇಟ್ಟುಕೊಂಡರು. ನೋವಿನ ಮಂಡಿ! "ಸ್ಟೋನ್" ಎಂದು ಲುಪೆಯ ಕಡೆ ಕೈಚಾಚಿದರು. ಲುಪೆ ಸೊಂಟದಲ್ಲಿದ್ದ ಕೊಕ್ಕೆಯಂಥ ಕಬ್ಬಿಣವನ್ನು ಕೊಟ್ಟಳು. ಲಾಳದ ಸಂದಿಯಿಂದ ಹುಣಸೆಬೀಜದಷ್ಟು ಕಲ್ಲು ಹೊರಬಿತ್ತು. ಒಂದೇ ಸಲ ಮುಟ್ಟಿದ್ದು, ಒಂದೇ ಸಲಕ್ಕೆ ಮುಗಿದಿತ್ತು.

"ಇದೆಲ್ಲ ಎಲ್ಲಿ ಕಲಿತ್ರಿ?" ಎಂದರು ಶೈಲಜಾ.

"ಹೀಗೇ... ಚಿಕ್ಕವಯಸ್ನಲ್ಲಿ ನೋಡಿದ್ದೆ" ಎಂದು ಲೀಲಕ್ಕ ಕೈ ಒರೆಸಿಕೊಂಡರು.

ಆಮೇಲಿನ ಒಂದು ಗಂಟೆ ಲೀಲಕ್ಕನೇ ಹಗ್ಗ ಹಿಡಿದು ನಡೆದರು, ನಾನು ಮೇಲೆ ಮೂರ್ತಿಯ ಹಾಗೆ ಕೂತಿದ್ದೆ. "ನೀವೂ ಹತ್ತಿ ಲೀಲಕ್ಕ, ಬೇರೆ ಕುದುರೆ ಇದೆ" ಎಂದು ಮೆಲ್ಲಗೆ ಕೇಳಿದೆ. "ನಮ್ಮಪ್ಪ ಯಾವತ್ತೂ ಕುದುರೆ ಮೇಲೆ ಕೂರಿಸ್ತಿರಲಿಲ್ಲ ಕಣೇ. ಬೆಳಗಿಂದ ಎಳೆದಿರುತ್ತೆ, ಮನೆಯವರದ್ದೂ ಯಾಕೆ ಹೊರೆ ಅನ್ನೋರು" ಎಂದರು, ಅಷ್ಟೇ ಮೆಲ್ಲಗೆ. ನನಗೆ ಕೂಡಲೇ ಇಳಿಯಬೇಕೆನ್ನಿಸಿತು. ಇಳಿಯುವುದು ಹೇಗೆಂದು ಗೊತ್ತಿಲ್ಲದ್ದರಿಂದ ಕೂತೇ ಇದ್ದೆ.

ಊಟ ಓಕ್ ಮರದ ಕೆಳಗೆ. ಲುಪೆ ಕಾವಲಿಯ ಮುಂದೆ ನಿಂತು ಮೆಕ್ಕೆಜೋಳದ ಹಿಟ್ಟನ್ನು ಎರಡು ಅಂಗೈಗಳ ನಡುವೆ ತಟ್ಟಿ ತಟ್ಟಿ ರೊಟ್ಟಿ ಹಾಕುತ್ತಿದ್ದಳು. ಜೋಳವನ್ನು ಸುಣ್ಣದ ನೀರಲ್ಲಿ ಬೇಯಿಸಿ ಆಮೇಲೆ ರುಬ್ಬುತ್ತಾರಂತೆ. ಆ ಪರಿಮಳವೇ ಬೇರೆ. ಕಾಯಿ ಟೊಮ್ಯಾಟೊ ಹಾಗೆ ಕಾಣುವ ಯಾವುದೋ ಹಣ್ಣನ್ನು ಸುಟ್ಟು ಅರೆದ ಚಟ್ನಿ. ನಾವು ಬೇಲಿಗೆ ಹಾಕುವ ಪಾಪಾಸುಕಳ್ಳಿಯನ್ನು ಮುಳ್ಳು ತೆಗೆದು ಪಲ್ಯ ಮಾಡಿದ್ದಳು, ಬೆಂಡೆಕಾಯಿಯಂತೆ ಲೋಳೆಲೋಳೆಯಾಗಿ ಬಲು ರುಚಿ. ಕುಡಿಯಲು ಪುಂಡಿಯ ಹೂವಿನ ಕೆಂಪು ಪಾನಕ. ದೊಡ್ಡವರಿಗೆ ಪುಟ್ಟ ಮಣ್ಣಿನ ಬಟ್ಟಲಲ್ಲಿ ಹೊಗೆವಾಸನೆಯ ಮದ್ಯವೂ ಇತ್ತು. ಕಾರ್ತಿಕ್ ಅದನ್ನು ತಾಯಿಗೆ ಕಾಣದಂತೆ ಹಿಡಿದುಕೊಂಡಿದ್ದ. "ನೋಡಿದೀನಿ ಕಣೋ, ಕುಡಿ" ಎಂದರು ಶೈಲಜಾ, ತಲೆ ಎತ್ತದೆ. ಆ ಒಂದು ಮಾತಿಗೆ ನನಗೆ ಅವರ ಮೇಲೆ ಸ್ವಲ್ಪ ಪ್ರೀತಿ ಬಂತು.

ಕೊನೆಗೆ ಲುಪೆ ಒಂದೊಂದು ಲೋಟ ಬಿಸಿ ನೀರಿನಂಥದ್ದು ತಂದಿಟ್ಟಳು. ಕಪ್ಪು ಹುರುಳಿಕಾಯಿ ಬೀಜ ಬೇಯಿಸಿದ ಕಟ್ಟು. ಮೇಲೆ ಕೊತ್ತಂಬರಿ, ಹಸಿಮೆಣಸು, ಹಿಂಡಿದ ನಿಂಬೆ. ಅವಳ ಮನೆಯಲ್ಲಿ ಕಾಳು ಎಲ್ಲರಿಗೂ ಸಾಲದಿದ್ದಾಗ ಅಮ್ಮ ಇದನ್ನು ಕೊಡುತ್ತಿದ್ದಳಂತೆ. ಅದನ್ನು ಅವಳು ಸಂಕೋಚವಿಲ್ಲದೆ, ಒಂದು ಸಿಹಿಯ ಬಗ್ಗೆ ಹೇಳುವವಳ ಹಾಗೆ ಹೇಳಿದಳು.

ಲೀಲಕ್ಕ ಒಂದು ಗುಟುಕು ಕುಡಿದು, ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಕೂತರು.

ಶೈಲಜಾ ಅವರು ಇದೇ ಹೊತ್ತಿಗೆ ಕೇಳಬೇಕೇ! "ಅಂದ ಹಾಗೆ, ನಿಮ್ಮ ತಂದೆಯವರದ್ದು ಟ್ರಾನ್ಸ್‌ಪೋರ್ಟ್ ಅಂದ್ರು ನಿಮ್ಮ ಯಜಮಾನ್ರು. ಬಸ್ಸಾ, ಲಾರಿನಾ?"

ನಾನು ರೊಟ್ಟಿಯನ್ನು ಬಾಯಿಗಿಟ್ಟವಳು ಅಗಿಯುವುದನ್ನು ನಿಲ್ಲಿಸಿದೆ. ಲಾರಿ ಎನ್ನಿ ಲೀಲಕ್ಕ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಒಂದು ಶಬ್ದ, ಅಷ್ಟೇ. ಮಗಳ ಮದುವೆ.

"ಬಸ್ಸೂ ಅಲ್ಲ, ಲಾರಿನೂ ಅಲ್ಲ" ಎಂದರು ಲೀಲಕ್ಕ. "ಒಂದು ಕುದುರೆ. ನಮ್ಮಪ್ಪ ಜಟಕಾ ಹೊಡೀತಿದ್ರು."

ಲೀಲಕ್ಕ ಯಾರನ್ನೂ ನೋಡದೆ ಲೋಟ ನೋಡುತ್ತ ಹೇಳಿದರು: "ದಿನಾ ಸಂಜೆ ಕುದುರೆಗೆ ಹುರುಳಿ ಬೇಯಿಸ್ತಿದ್ವಿ. ದುಡಿಯೋದು ಅದು, ಅದಕ್ಕೆ ಕಾಳು. ಬಸಿದ ಕಟ್ಟಲ್ಲಿ ಅಮ್ಮ ನಮಗೆ ಸಾರು ಮಾಡೋರು. ಕುದುರೆಗೆ ಕಾಳು, ನಮಗೆ ಕಟ್ಟು. ನಾವು ಐದು ಜನ ಮಕ್ಕಳು ಬೆಳೆದಿದ್ದು ಅದ್ರಲ್ಲೇ. ಅಪ್ಪನಿಗೆ ಕಷ್ಟ ಇತ್ತು, ಆದ್ರೆ ಒಂದಿನಾನೂ ಕುದುರೆಗೆ ಕಟ್ಟು ಕುಡಿಸಿ ನಮಗೆ ಕಾಳು ಹಾಕ್ಲಿಲ್ಲ."

"ಅಮ್ಮ, ಯು ನೆವರ್ ಟೋಲ್ಡ್ ಮಿ" ಎಂದಳು ಅನು.

"ಇಲ್ಲ ಪುಟ್ಟಿ. ತಪ್ಪು ನಂದೇ."

"ಓ" ಎಂದರು ಶೈಲಜಾ. ನಮ್ಮಲ್ಲಿ 'ಓ'ಗಳು ಹಲವು ಬಗೆ. ಇದು ಯಾವ ಬಗೆಯದೆಂದು ನನಗೆ ತಿಳಿಯಲಿಲ್ಲ. ಪಾನಕ ಕುಡಿದು, ಬಾಯೊರೆಸಿಕೊಂಡು ಅವರು ಕೇಳಿದ್ದು ಇಷ್ಟೇ: "ಕುದುರೆ ಹೆಸರೇನಿತ್ತು?"

"ಚಂದ್ರಿ."

ವಾಪಸು ಬರುವಾಗ ಅನು ಕಾರು ಓಡಿಸುತ್ತ ಚಂದ್ರಿಯ ಬಣ್ಣ ಯಾವುದು, ಎಷ್ಟು ಎತ್ತರ, ಒದೆಯುತ್ತಿತ್ತಾ ಎಂದು ಹೇಸ್ ಬರುವ ತನಕ ಇಂಗ್ಲಿಷಿನಲ್ಲಿ ಕೇಳುತ್ತಲೇ ಇದ್ದಳು. ಲೀಲಕ್ಕ ಕನ್ನಡದಲ್ಲಿ ಹೇಳುತ್ತಲೇ ಇದ್ದರು. ನಡುವೆ ನನ್ನ ಕಡೆ ತಿರುಗಿ, "ನಿಮ್ ತಂದೆ ಏನ್ ಮಾಡ್ತಿದ್ರು ಕಣೇ? ನೀನು ಯಾವತ್ತೂ ಹೇಳೇ ಇಲ್ವಲ್ಲ" ಎಂದರು.

"ಎಜುಕೇಶನ್ ಡಿಪಾರ್ಟ್‌ಮೆಂಟು" ಎಂದೆ. ಅವರು ಒಂದು ಕ್ಷಣ ನನ್ನನ್ನು ನೋಡಿ, ಮತ್ತೆ ಮಗಳ ಕಡೆ ತಿರುಗಿದರು.

ಮೂರು ವಾರ ಎಜ್‌ವೇರ್‌ನಿಂದ ಫೋನು ಬರಲಿಲ್ಲ. ನಾಗರಾಜಣ್ಣ ಮುಖ ಊದಿಸಿಕೊಂಡು ತಿರುಗಿದರು. ನನಗೇ ತಡೆಯಲಾಗದೆ ಹೋಗಿ ಕೇಳಿದೆ, ಹೇಳಬಾರದಿತ್ತು ಅನ್ನಿಸುತ್ತದೆಯೇ ಎಂದು. ಲೀಲಕ್ಕ ಚಪಾತಿ ಲಟ್ಟಿಸುವುದನ್ನು ನಿಲ್ಲಿಸಲಿಲ್ಲ. "ಮಗಳು ಅಳ್ತಾಳೆ, ಅದು ಹೊಟ್ಟೆ ಉರಿಸುತ್ತೆ. ಆದ್ರೆ ಅಪ್ಪನ್ನ ಎಷ್ಟು ಸಲ ಮಾರ್ಕೊಳ್ಳೋದು ಹೇಳು?" ನಾಲ್ಕನೆಯ ವಾರ ಶೈಲಜಾ ಅವರೇ ಫೋನು ಮಾಡಿ ಮುಹೂರ್ತದ ಮಾತು ತೆಗೆದರು. ಅಷ್ಟು ದಿನ ಯೋಚಿಸಿದ್ದೇನೆಂದು ಅವರು ಹೇಳಲಿಲ್ಲ, ಲೀಲಕ್ಕ ಕೇಳಲಿಲ್ಲ. ಲಗ್ನಪತ್ರಿಕೆಯಲ್ಲಿ ವಧುವಿನ ಹೆಸರಿನ ಕೆಳಗೆ 'ಮೈಸೂರಿನ ದಿವಂಗತ ಜಟಕಾ ಮರಿಯಪ್ಪನವರ ಮೊಮ್ಮಗಳು' ಎಂದು ಅಚ್ಚಾಗಿತ್ತು. ಜಟಕಾ ಎಂಬ ಶಬ್ದವನ್ನು ಪ್ರೂಫಿನಲ್ಲಿ ನಾಗರಾಜಣ್ಣ ಹೊಡೆದುಹಾಕಿದ್ದರಂತೆ. ಅನು ಮತ್ತೆ ಸೇರಿಸಿದಳಂತೆ, ತನ್ನ ವಕ್ರವಕ್ರ ಕನ್ನಡ ಅಕ್ಷರದಲ್ಲಿ.

ಅಂದಿನಿಂದ ಎಷ್ಟೋ ಸಲ ನನ್ನ ಬಾಯಿಗೆ ನಮ್ಮಪ್ಪನ ಮಾತು ಬಂದು ಹಿಂದಕ್ಕೆ ಹೋಗಿದೆ. ನೋಡಿ, ಇನ್ನೊಬ್ಬರ ಧೈರ್ಯವನ್ನು ಮೆಚ್ಚುವುದು ಬಹಳ ಸುಖದ ಕೆಲಸ, ಕುದುರೆಯ ಮೇಲೆ ಕೂತು ಹಗ್ಗ ಬೇರೆಯವರ ಕೈಗೆ ಕೊಟ್ಟ ಹಾಗೆ.

ಮೊನ್ನೆ ಭಾನುವಾರ ಇಲ್ಫರ್ಡ್‌ನಲ್ಲಿ ಪರಿಚಯದವರ ಗೃಹಪ್ರವೇಶ. ಊಟಕ್ಕೆ ನನ್ನ ಪಕ್ಕ ಕೂತದ್ದು ಬೆಂಗಳೂರಿನಿಂದ ಹೊಸದಾಗಿ ಬಂದ ಒಂದು ಹುಡುಗಿ. ಮಾತು ಊರಿನಿಂದ ತವರಿಗೆ ಬಂತು. "ನಿಮ್ಮ ತಂದೆ ಏನ್ ಮಾಡ್ತಿದ್ರು ಆಂಟಿ?" ಎಂದು ಕೇಳಿದಳು, ಚಿತ್ರಾನ್ನ ಕಲಸುತ್ತ.

ಎದುರು ಸಾಲಿನಲ್ಲಿದ್ದ ನನ್ನ ಗಂಡ ನನ್ನ ಪರವಾಗಿ ಉತ್ತರಿಸಲು ಆಗಲೇ ಬಾಯಿ ತೆರೆದಿದ್ದರು.

"ಹೈಸ್ಕೂಲಲ್ಲಿ ಜವಾನ್ರಾಗಿದ್ರು" ಎಂದೆ ನಾನು. "ಗಂಟೆ ಹೊಡೀತಿದ್ರು."

ಗಂಡನ ಬಾಯಿ ತೆರೆದೇ ಇತ್ತು. ಆ ಹುಡುಗಿಯ ಕಣ್ಣು ಅರಳಿತು. "ಅಯ್ಯೋ, ಹಂಗಾದ್ರೆ ನಿಮಗೆ ಬೇಕಾದಾಗ ಬೇಗ ಸ್ಕೂಲ್ ಬಿಡಿಸ್ಕೋಬೋದಿತ್ತಲ್ಲ ಆಂಟಿ!"

"ಎಲ್ಲಿ ಬಂತಮ್ಮ! ನಾನು ಅಳ್ತಾ ನಿಂತ್ರೂ ಒಂದು ನಿಮಿಷ ಮುಂಚೆ ಹೊಡೀತಿರಲಿಲ್ಲ" ಎಂದೆ. ನನ್ನ ದನಿ ಸ್ವಲ್ಪ ಜೋರಾಗಿಯೇ ಹೊರಟಿತ್ತು. ಆಚೆ ಸಾಲಿನವರು ತಿರುಗಿ ನೋಡಿದರು. ನೋಡಲಿ ಎಂದು, ಇನ್ನೂ ಏನಾದರೂ ಕೇಳುತ್ತಾಳೇನೋ ಎಂದು ಆ ಹುಡುಗಿಯ ಮುಖವನ್ನೇ ನೋಡುತ್ತ ಕೂತೆ.