ಎಡಗಡೆಯಿಂದ ಬಂದ ಅಕ್ಕಿಕಾಳು

ಮೊನ್ನೆ ಅಳವಂಡಿಯಿಂದ ಮದುವೆಯ ಕಾರ್ಡು ಬಂತು. ಲಗ್ನಪತ್ರಿಕೆಯಲ್ಲ, ಕ್ಯಾಮೆರಾದ ಮೆಮೊರಿ ಕಾರ್ಡು. ನಮ್ಮಂಥ ವಿಡಿಯೋ ಎಡಿಟಿಂಗಿನವರಿಗೆ ಬರುವ ಕಾರ್ಡೇ ಅದು. ಊಟಕ್ಕೆ ಕರೆಯುವ ಕಾರ್ಡು ಬೇರೆಯವರಿಗೆ. ಕಂಪ್ಯೂಟರಿಗೆ ಹಾಕಿ ನೋಡಿದರೆ ಚಿತ್ರದ ಎಡಮೂಲೆಯಲ್ಲಿ ದುಂಡನೆಯ ಮಸುಕು. ಲೆನ್ಸಿನ ಮೇಲೆ ಯಾರದೋ ಎಣ್ಣೆಗೈ ಬಿದ್ದಿತ್ತು. ಕುಷ್ಟಗಿಯ ಈ ಸಣ್ಣ ಕೋಣೆಯಲ್ಲಿ ಧೂಳು ಮತ್ತು ಕಾದ ವೈರು ಬಿಟ್ಟರೆ ಬೇರೆ ವಾಸನೆ ಇಲ್ಲ. ಆದರೂ ನನಗೆ ತುಪ್ಪದ ವಾಸನೆ ಬಂತು... ಹೋಳಿಗೆಯ ಮೇಲೆ ಸುರಿದ ಬಿಸಿ ತುಪ್ಪದ್ದು.

ಆ ತುಪ್ಪ ಸುರಿದವಳು ಬೇವೂರಿನಲ್ಲಿ ನಮ್ಮ ಎದುರುಮನೆಯಾಕೆ. ರಕ್ತಸಂಬಂಧವೇನೂ ಇರಲಿಲ್ಲ, ನಾನು ದೊಡ್ಡವ್ವ ಎನ್ನುತ್ತಿದ್ದೆ. ಗಂಡ ಹೋದಾಗ ಮಗಳು ಇನ್ನೂ ತೊಟ್ಟಿಲ ಕೂಸು. ಮಂದಿಯ ಹೊಲದಲ್ಲಿ ಕಸ ತೆಗೆದು, ಸಜ್ಜೆ ರೊಟ್ಟಿ ಬಡಿದು ಮಾರಿ, ಆ ಮಗಳನ್ನು ಓದಿಸಿದಳು. ಬಾಯಿ ಮಾತ್ರ ಜೋರು. ನಾನು ಮೊದಲ ಸಲ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಓಣಿಗೆ ಬಂದಾಗ, "ಏನಪಾ, ಹತ್ತಿಗೆ ಎಣ್ಣಿ ಹೊಡಿಯೋ ಪಂಪ್ ತಂದೀ ಏನ?" ಎಂದು ಓಣಿಯನ್ನೆಲ್ಲ ನಗಿಸಿದ್ದಳು.

ಮಗಳ ಮದುವೆ ಗೊತ್ತಾಯಿತು. ಮನೆಯ ಮುಂದೆಯೇ ಹಂದರ. ವಿಡಿಯೋ ನನ್ನದು. ಹಿಂದಿನ ದಿನ ದೊಡ್ಡವ್ವ ನಮ್ಮ ಕಟ್ಟೆಗೆ ಬಂದು ಕೂತಳು.

"ಯಪ್ಪಾ, ನಾನೂ ಒಂದೀಟು ಬೀಳಬೇಕ ನೋಡು. ನನ್ನ ಮದಿವ್ಯಾಗ ಫೋಟೋ ಹೊಡ್ಯಾಂವ ಬಂದಿದ್ದಿಲ್ಲ. ಓಟಿನ ಕಾರ್ಡಿನ್ಯಾಗ ಒಮ್ಮೆ ಬಿದ್ದೀನಿ, ಅದರಾಗ ದೆವ್ವ ಕಂಡಂಗ ಕಾಣ್ತೀನಿ."

ನಮ್ಮ ಕಡೆ ಫೋಟೋದಲ್ಲಿ, ವಿಡಿಯೋದಲ್ಲಿ ಯಾರೂ ಬರುವುದಿಲ್ಲ, ಬೀಳುತ್ತಾರೆ. "ಚಿಂತಿ ಬಿಡು ದೊಡ್ಡವ್ವ, ಬೀಳ್ತಿ" ಅಂದೆ.

ಮರುದಿನ ಬೆಳಿಗ್ಗೆ ಮುಹೂರ್ತಕ್ಕೆ ಮುಂಚೆ ಹಿತ್ತಲ ಬಾಗಿಲಿಗೆ ಕರೆದು ಎರಡು ಹೋಳಿಗೆ ಕೊಟ್ಟಳು, ಮೇಲೆ ತುಪ್ಪ. "ಈಗ ತಿನ್ನು. ಆಮ್ಯಾಲ ಬೀಗರ ಗದ್ದಲದಾಗ ನಿನ್ನ ಯಾರ ಕೇಳ್ತಾರ." ನಿಂತೇ ತಿನ್ನುತ್ತಿದ್ದೆ, ಬಾಜಾ ಶುರುವಾಯಿತು. ಕೈಯನ್ನು ಪ್ಯಾಂಟಿಗೆ ಒರೆಸಿ ಓಡಿದೆ, ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಕೂರಿಸಿದೆ. ಹೆಬ್ಬೆರಳು ಲೆನ್ಸಿಗೆ ತಾಗಿದ್ದು ಗೊತ್ತೇ ಆಗಲಿಲ್ಲ.

ಗಂಡನಿಲ್ಲದಾಕೆ ಮಗಳ ಪಕ್ಕ ನಿಲ್ಲುವಂತಿರಲಿಲ್ಲ. ತಾಯಿತಂದೆಯ ಜಾಗದಲ್ಲಿ ಆಕೆಯ ತಮ್ಮ ಮತ್ತು ಅವನ ಹೆಂಡತಿ ನಿಂತಿದ್ದರು. ಅಕ್ಕಿಕಾಳು ಹಾಕುವ ಹೊತ್ತಿಗೆ ಮಾತ್ರ ದೊಡ್ಡವ್ವ ಅಡುಗೆಮನೆಯಿಂದ ಹೊರಗೆ ಬಂದಳು. ಇದ್ದುದರಲ್ಲಿ ಒಳ್ಳೆಯ ಇಳಕಲ್ ಸೀರೆ ಉಟ್ಟಿದ್ದಳು. ಹಂದರದ ಎಡಗಡೆಯ ಗಳ ಹಿಡಿದು ನಿಂತು, ಅಲ್ಲಿಂದಲೇ ಮಗಳ ಕಡೆಗೆ ಮೂರು ಸಲ ಕಾಳು ಎಸೆದಳು. ಕ್ಯಾಮೆರಾದ ಹಿಂದೆ ನಿಂತಿದ್ದ ನನಗೆ ಖುಷಿಯಾಯಿತು. ದೊಡ್ಡವ್ವ ಬಿದ್ದಳು ಅಂದುಕೊಂಡೆ. ಆಕೆ ಕಣ್ಣೊರೆಸಿಕೊಂಡು ಮತ್ತೆ ಒಳಗೆ ಹೋದಳು. ಆ ದಿನವೆಲ್ಲ ಹೊರಗೆ ಬರಲಿಲ್ಲ.

ಎಡಿಟಿಂಗಿಗೆ ಕೂತಾಗ ಮಸುಕು ಕಂಡಿತು, ಸರಿಯಾಗಿ ಎಡಮೂಲೆಯಲ್ಲಿ. ವಿಡಿಯೋ ಹೇಳಿದ್ದ ಆಕೆಯ ತಮ್ಮ ಬಂದು ನೋಡಿ, "ಎಡಕ್ಕ ಡಾಗ ಬಿದ್ದೈತಲ್ಲೋ, ತಗದುಬಿಡು ಅದನ್ನ" ಅಂದ. ಆಗ ನನಗೆ ಗೊತ್ತಿದ್ದ ದಾರಿ ಎರಡು. ಒಂದೊಂದೇ ಚಿತ್ರ ಹಿಡಿದು ಮಸುಕನ್ನು ತಿಳಿಮಾಡುವುದು, ಅದು ನಾಲ್ಕು ದಿನದ ಕೆಲಸ. ಇಲ್ಲವೇ ಇಡೀ ಚಿತ್ರವನ್ನೇ ತುಸು ದೊಡ್ಡದು ಮಾಡುವುದು, ಆಗ ಮೂಲೆ ತಾನಾಗಿ ಹೊರಗೆ ಹೋಗುತ್ತದೆ. ಅದಕ್ಕೆ ನಾಲ್ಕು ನಿಮಿಷ ಸಾಕು. ನಾನು ಅದನ್ನೇ ಮಾಡಿದೆ.

ಆ ಮಸುಕಿನೊಳಗೆ ಸೀರೆಯ ಬಣ್ಣ ಇತ್ತು, ಎತ್ತಿದ ಕೈ ಇತ್ತು. ನೋಡಿರಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ನೋಡಿದ್ದೆ. ಮೂಲೆಯಲ್ಲಿ ನಿಂತ, ಗಂಡ ಸತ್ತ ರಂಡಿ ಹೆಂಗಸು ಕಾಣದಿದ್ದರೆ ಯಾರು ಕೇಳುತ್ತಾರೆ ಅಂದುಕೊಂಡೆ. ಯಾರೂ ಕೇಳಲೂ ಇಲ್ಲ. ವಿಡಿಯೋ ಭಾಳ ಛಲೋ ಬಂದೈತಿ ಅಂದರು. ಮುಂದಿನ ವಾರ ಮಂಗಳೂರಿನ ಮದುವೆಗೆಂದು, ಸಮುದ್ರದ ಮಂಗಳೂರಲ್ಲ, ನಮ್ಮ ಯಲಬುರ್ಗಾ ಕಡೆಯದು, ಅದೇ ಕಾರ್ಡನ್ನು ಅಳಿಸಿ ತೆಗೆದುಕೊಂಡು ಹೋದೆ. ಆ ಕಲೆಯನ್ನು ಹಾಗೇ ಬಿಟ್ಟಿದ್ದರೂ ಆಗುತ್ತಿತ್ತು, ಮಸುಕಾಗಿಯಾದರೂ ಆಕೆ ಇರುತ್ತಿದ್ದಳು...

ಎರಡು ದಿನ ಸಿಡಿ ಹಾಕಿ ಹಾಕಿ ನೋಡಿ, ದೊಡ್ಡವ್ವ ನನ್ನ ಹತ್ತಿರ ಬಂದಳು.

"ನಾ ಎಲ್ಲೂ ಬಿದ್ದಿಲ್ಲಲ್ಲ ಯಪ್ಪಾ?"

"ನೀ ಮುಂದ ಬರಬೇಕಾಗಿತ್ತು ದೊಡ್ಡವ್ವ" ಅಂದೆ. ನನ್ನ ಬಾಯಿಂದಲೇ ಬಂತು ಆ ಮಾತು.

"ಮುಂದ ಬರಾಕ ನನಗ್ಯಾರ ಬಿಡ್ತಾರಪಾ" ಅಂದು ಎದ್ದು ಹೋದಳು. ಅಷ್ಟು ಜೋರು ಬಾಯಿಯವಳು ಅವತ್ತು ನನ್ನನ್ನು ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಇಷ್ಟು ವರ್ಷ ಇದನ್ನು ಹೊತ್ತುಕೊಂಡು ತಿರುಗುತ್ತಿರಲಿಲ್ಲವೇನೋ. ಆ ಯುಗಾದಿಗೂ ನಮ್ಮ ಮನೆಗೆ ಹೋಳಿಗೆ ಬಂತು.

ಎರಡೇ ವರ್ಷಕ್ಕೆ ಕಾಮಾಲೆಯಾಗಿ ಹೋದಳು. ದಿನಕರ್ಮ ಮುಗಿದ ಮೇಲೆ ಮಗಳು ಸಿಡಿ ಹಿಡಿದುಕೊಂಡು ಬಂದಳು. "ಅಣ್ಣಾ, ಅವ್ವ ನಡದಾಡಿದ್ದು, ನಕ್ಕಿದ್ದು ಏನರ ಐತೇನು? ಇದರಾಗ ಹುಡುಕಿ ಹುಡುಕಿ ಸಾಕಾತು." ಇಬ್ಬರೂ ಕೂತು ನೋಡಿದೆವು. ಅಕ್ಕಿಕಾಳಿನ ಹೊತ್ತು ಬಂತು. ಎಡ ಅಂಚಿನಿಂದ ಒಂದಿಷ್ಟು ಕಾಳು ಹಾರಿ ಬಂದವು, ಮತ್ತೆ ಬಂದವು.

"ಈ ಕಾಳು ಯಾರ ಹಾಕ್ಯಾರಣ್ಣಾ? ಆ ಕಡಿ ಯಾರೂ ಕಾಣಂಗಿಲ್ಲ."

"ಯಾರೋ ಬೀಗರಿರಬೇಕವ್ವಾ" ಅಂದೆ.

ಈಗಿನ ಸಾಫ್ಟ್‌ವೇರಿನಲ್ಲಿ ಒಂದು ಗುಂಡಿ ಒತ್ತಿದರೆ ಮಸುಕು ಹೋಗುತ್ತದೆ, ಅಕ್ಕಪಕ್ಕದ ಬಣ್ಣ ತಂದು ತಾನೇ ತುಂಬುತ್ತದೆ. ಅಳವಂಡಿಯ ವಿಡಿಯೋಕ್ಕೆ ನಾನು ಅದನ್ನು ಒತ್ತಲಿಲ್ಲ. ಒಂದೊಂದೇ ಚಿತ್ರ ಹಿಡಿದು ನಾಲ್ಕು ದಿನ ತಿಳಿಮಾಡಿದೆ. "ಇಷ್ಟ್ಯಾಕ ತಡಾರೀ?" ಎಂದು ಅವರು ಎರಡು ಸಲ ಫೋನ್ ಮಾಡಿದರು. ಮಸುಕಿನ ಹಿಂದೆ ಇದ್ದದ್ದು ಒಂದು ಖಾಲಿ ಪ್ಲಾಸ್ಟಿಕ್ ಕುರ್ಚಿ.

ಕೆಲಸ ಮುಗಿದ ಮೇಲೆ ಹಳೆಯ ಸಿಡಿ ಹುಡುಕಿ ಹಾಕಿದೆ. ಮಗಳ ಫೋನ್ ನಂಬರು ನನ್ನ ಹತ್ತಿರ ಇದೆ. ಆ ಕಾಳು ಯಾರದೆಂದು ಇನ್ನೂ ಹೇಳಿಲ್ಲ. ಎಡಗಡೆಯಿಂದ ಮೂರು ಸಲ ಕಾಳು ಬರುತ್ತವೆ, ಮಗಳ ತಲೆಯ ಮೇಲೆ ಬೀಳುತ್ತವೆ. ದೊಡ್ಡವ್ವ ಮಾತ್ರ ಬೀಳುವುದಿಲ್ಲ.