ಎಲ್ಪಿದಿಯಕ್ಕನ ಅರ್ಜಿ, ಹತ್ತೊಂಬತ್ತು ಮಂದಿಯ ಹಾಜರಿ

ಫೆಬ್ರುವರಿ, ಬೆಳಗಿನ ಐದು ಗಂಟೆ. ನಮ್ಮ ಬೆಟ್ಟದೂರು ಯಾಲೂವಿಯ ಪಂಚಾಯ್ತಿ ಕಟ್ಟಡಕ್ಕೆ ಅಂಟಿಕೊಂಡ ಝೆರಾಕ್ಸ್ ಅಂಗಡಿಯ ಬಾಗಿಲು ಅರ್ಧ ತೆರೆದಿದೆ. ಒಳಗೆ ಎಲ್ಪಿದಿಯಾ ಯೆಸ್ಕಾಸ್ ಕರಿ ಶಾಲನ್ನು ತಲೆಯ ಮೇಲೆ ಎಳೆದುಕೊಂಡು ಕಂಪ್ಯೂಟರಿನ ಮುಂದೆ ಕೂತಿದ್ದಾರೆ. ಬಲಕ್ಕೆ ಬೆಲ್ಲದ ಕಾಫಿ, ಎಡಕ್ಕೆ ಊರಿನ ಮೊಹರು. ಊರು ಎದ್ದು ಫೋನು ಹಿಡಿಯುವುದಕ್ಕೆ ಮೊದಲು ಇಂಟರ್ನೆಟ್ಟು ಚುರುಕಾಗಿರುತ್ತದೆ. ಆರೂವರೆ ದಾಟಿತೋ, ಒಂದು ಪುಟ ತೆರೆಯುವಷ್ಟರಲ್ಲಿ ಹೆಂಚಿನ ಮೇಲಿನ ರೊಟ್ಟಿ ಸೀದುಹೋಗಿರುತ್ತದೆ.

"ಈ ಸಾಕ್ಷ್ಯಚಿತ್ರದ ಪ್ರೇಕ್ಷಕರು ಯಾರು?" ಪರದೆಯ ಮೇಲಿನ ಪ್ರಶ್ನೆಯನ್ನು ಅವರು ಗಟ್ಟಿಯಾಗಿ ಓದುತ್ತಾರೆ. 'ನಾವೇ' ಎಂದು ಬರೆಯುತ್ತಾರೆ. ಪುಟ ಮುಂದಕ್ಕೆ ಹೋಗುವುದಿಲ್ಲ. ಕಡೇಪಕ್ಷ ಇನ್ನೂರು ಅಕ್ಷರ ಬೇಕಂತೆ.

"ನೋಡಿದ್ರಾ ಇವರ ವರಸೆ! ನಾವೇ ಅನ್ನೋದನ್ನ ಇನ್ನೂರು ಅಕ್ಷರದಲ್ಲಿ ಹೇಗೆ ಹೇಳ್ಲಿ? ಸರಿ ಬಿಡಿ, ನಮ್ಮ ಸೀಮೆಯ ಏಳು ಹಳ್ಳಿ ಹೆಸರೂ ಬರೆದ್ಬಿಡ್ತೀನಿ, ತುಂಬುತ್ತೆ," ಎನ್ನುತ್ತಾರೆ. ತುಂಬುತ್ತದೆ. ಪುಟ ಮುಂದಕ್ಕೆ ಹೋಗುತ್ತದೆ. ಅರ್ಜಿಯ ಗಡುವು ಇವತ್ತು ಸಂಜೆ ಐದಕ್ಕೆ.

ನಮ್ಮ ಬೆಟ್ಟದ ಸೀಮೆಯ ಊರುಗಳು ತಾವೇ ತೆಗೆದು, ತಮ್ಮದೇ ಆಗಿ ಉಳಿಸಿಕೊಂಡ ಸಾಕ್ಷ್ಯಚಿತ್ರಗಳನ್ನು ಓದುಗರಲ್ಲಿ ಕೆಲವರಾದರೂ ನೋಡಿರಬಹುದು. ಕ್ಯಾಮೆರಾ ಹಿಡಿದವರ ಹೆಸರು ಕೊನೆಯಲ್ಲಿ ಬರುತ್ತದೆ, ಬ್ಯಾಂಡಿನವರ ಹೆಸರು ಬರುತ್ತದೆ, ಅಡುಗೆಯವರದೂ ಬರುತ್ತದೆ. ಅನುದಾನಕ್ಕೆ ಅರ್ಜಿ ಬರೆದವರ ಹೆಸರು ಮಾತ್ರ ಎಲ್ಲೂ ಇಲ್ಲ. ಹನ್ನೊಂದು ವರ್ಷದಲ್ಲಿ ಎಲ್ಪಿದಿಯಕ್ಕ ಬರೆದದ್ದು ನಲವತ್ತೊಂದು ಅರ್ಜಿ, ಸಿಕ್ಕಿದ್ದು ಆರು. ಒಂದೊಂದಕ್ಕೂ ಇಪ್ಪತ್ತಕ್ಕೆ ಕಡಿಮೆಯಿಲ್ಲದಷ್ಟು ಲಗತ್ತುಗಳು, ಪುಟಪುಟಕ್ಕೂ ಮೊಹರು. ಪಕ್ಕದ ಊರಿನವರು ಇವರಿಗೆ ಕೊಡುವುದು ಮೊಟ್ಟೆ, ಕಾಫಿಬೀಜ, ಒಮ್ಮೆ ಒಂದು ಹುಂಜ. ಆ ಹುಂಜ ಈಗಲೂ ಪ್ರಿಂಟರಿನ ಕೆಳಗೆ ಮಲಗುತ್ತದೆ.

ಈ ಕೆಲಸ ಅವರು ಕೇಳಿ ಪಡೆದದ್ದಲ್ಲ. ಹನ್ನೆರಡು ವರ್ಷದ ಹಿಂದೆ ಹೊರಗಿನವರು ಬಂದು ನಮ್ಮ ಊರನ್ನು ಚಿತ್ರ ಮಾಡಿಕೊಂಡು ಹೋದರು. ಒಂದು ಪ್ರತಿ ಕೊಡಿ ಎಂದು ಕೇಳಿದರೆ, ಅದರ ಹಕ್ಕು ತಮ್ಮದು, ಬೇಕಾದರೆ ಕೊಂಡುಕೊಳ್ಳಿ ಎಂದು ಪತ್ರ ಬಂತು. ನಮ್ಮ ಮುಖ, ನಮ್ಮ ಅಜ್ಜಿಯರ ದನಿ, ಹಕ್ಕು ಯಾರದೋ! ಗ್ರಾಮಸಭೆ ಬೆಂಕಿಯಾಯಿತು. ಇನ್ನು ಮೇಲೆ ನಮ್ಮ ಚಿತ್ರ ನಾವೇ ತೆಗೆಯಬೇಕು, ಅದಕ್ಕೆ ಬೇಕಾದ ಅರ್ಜಿಗಳನ್ನು ಎಲ್ಪಿದಿಯಾ ಬರೆಯಬೇಕು ಎಂದು ಅದೇ ಸಭೆಯಲ್ಲಿ ತೀರ್ಮಾನವಾಯಿತು.

"ನಾನು ಸಭೇಲಿ ಇರಲೇ ಇಲ್ಲ ಕಣ್ರೀ. ಮನೇಲಿ ಹುರುಳಿಕಾಯಿ ಬೇಯಿಸ್ತಿದ್ದೆ. ಒಬ್ಬ ಬಂದು ಬಾಗಿಲು ತಟ್ಟಿ, ಅಕ್ಕಾ ನಿನ್ನ ಹೆಸರು ಹಾಕಿದೀವಿ ಅಂದ. ಯಾಕಪ್ಪಾ ಅಂದ್ರೆ, ಊರಲ್ಲಿ ಟೈಪಿಂಗ್ ಬರೋದು ನಿನಗೊಬ್ಬಳಿಗೇ ತಾನೇ ಅಂದ. ಒಂದು ವರ್ಷ ಅಂದಿದ್ರು! ಆಮೇಲೆ ಬಿಡಿಸೋಕೆ ಯಾರಿಗೂ ನೆನಪೇ ಆಗಲಿಲ್ಲ," ಎಂದು ನಗುತ್ತಾರೆ.

ಕಳೆದ ವರ್ಷದ ಅರ್ಜಿ ಉಳಿದವುಗಳಂತಲ್ಲ. ನಲವತ್ತು ವರ್ಷದ ಹಿಂದೆ ನಮ್ಮ ಕಾಡಿನ ಪೈನ್ ಮರಗಳನ್ನು ಕಾರ್ಖಾನೆಯ ಲಾರಿಗಳು ಹೊತ್ತೊಯ್ಯುತ್ತಿದ್ದಾಗ ಏಳು ಹಳ್ಳಿಯ ಹೆಂಗಸರು ರಸ್ತೆಯಲ್ಲಿ ಮಲಗಿ ಲಾರಿ ನಿಲ್ಲಿಸಿದರು. ಕಾಡು ಊರಿಗೆ ವಾಪಸಾಯಿತು. ನಮ್ಮ ಊರಿನಿಂದ ಹೋಗಿದ್ದ ಹೆಂಗಸರಲ್ಲಿ ಬದುಕಿದ್ದವರು ಒಬ್ಬರೇ, ಎಂಬತ್ತೆಂಟರ ಫಿಲೆಮೋನಾ ಅಜ್ಜಿ. ಕಥೆಯನ್ನು ಅವರ ಬಾಯಿಂದ, ಆ ದಾರಿಯಲ್ಲೇ ನಡೆದು ಹೇಳಿಸಬೇಕು ಎಂಬುದು ಊರಿನ ಆಸೆ. ಅಜ್ಜಿಯ ಷರತ್ತು ಬೇರೆ ಇತ್ತು. "ಎಂಬತ್ತೆಂಟು ವರ್ಷದಲ್ಲಿ ಹೆಂಗಸು ಅಂತ ನನಗೆ ಸರದಿಯ ಊರ ಸೇವೆ ಒಂದೂ ಕೊಟ್ಟಿಲ್ಲ ನೀವು. ಇದನ್ನ ಸೇವೆ ಅಂತ ಸಭೆ ಪಟ್ಟೀಲಿ ಬರೀರಿ. ಆಗ ಹೇಳ್ತೀನಿ," ಎಂದರು. ಬರೆದರು.

ಅನುದಾನ ಕೊಡುವ ನಿಧಿಯವರ ನಿಯಮವೂ ಒಳ್ಳೆಯದೇ. ಚಿತ್ರ ಊರಿನದೇ ಆಗಿ ಉಳಿಯಬೇಕು, ಅದಕ್ಕೆ ಇಡೀ ಊರಿನ ಒಪ್ಪಿಗೆಯ ಸಹಿಪಟ್ಟಿ ಬೇಕು, ಪ್ರತಿ ಹೆಸರಿನ ಮುಂದೆ ಗುರುತಿನ ಚೀಟಿಯ ಸಂಖ್ಯೆ ಬೇಕು. ಎಲ್ಪಿದಿಯಕ್ಕ ಮನೆಮನೆ ಸುತ್ತಿ ಇನ್ನೂರ ಹದಿನಾಲ್ಕು ಹೆಸರು ತುಂಬಿಸಿದರು. ನೂರ ನಾಲ್ಕನೆಯ ಹೆಸರು ನನ್ನದು.

ಮಾರ್ಚಿನ ಒಂದು ಮಂಗಳವಾರ ಉತ್ತರ ಬಂತು. ನಾನು ಅಂಗಡಿಯಲ್ಲೇ ಇದ್ದೆ. ಎಲ್ಪಿದಿಯಕ್ಕ ಓದುತ್ತಾ ಓದುತ್ತಾ ಕುರ್ಚಿ ಹುಡುಕಿ ಕೂತರು. ಪತ್ರ ಇಸಿದುಕೊಂಡು ಓದಿದೆ. 'ಸಹಿ ಮಾಡಿದವರಲ್ಲಿ ಹತ್ತೊಂಬತ್ತು ಜನ ಸತ್ತವರು. ಇದು ವಂಚನೆ. ನಿಮ್ಮ ಊರಿನ ಅರ್ಜಿಗಳನ್ನು ಐದು ವರ್ಷ ಪರಿಗಣಿಸಲಾಗುವುದಿಲ್ಲ.'

ಐದು ವರ್ಷ! ಫಿಲೆಮೋನಾ ಅಜ್ಜಿ ಅಲ್ಲಿಯವರೆಗೆ ಇರುತ್ತಾರಾ?

ಇನ್ನೊಂದು ಮಾತು ಹೇಳಲೇಬೇಕು. ಪಟ್ಟಿಯಲ್ಲಿ ನನ್ನ ಮೇಲಿನ ಹೆಸರು, ನೂರ ಮೂರನೆಯವನು, ಸತ್ತು ಎರಡು ವರ್ಷವಾಗಿತ್ತು. ಅವನ ಹೆಸರಿನ ಕೆಳಗೇ ಸಹಿ ಹಾಕಿದ ನನಗೆ ಅದು ಒಂದಿಷ್ಟೂ ವಿಚಿತ್ರ ಅನ್ನಿಸಿರಲಿಲ್ಲ. ನಮ್ಮಲ್ಲಿ ಪ್ರತಿ ಮನೆಯವರೂ ಸರದಿಯ ಮೇಲೆ ಊರಿಗೆ ಸಂಬಳವಿಲ್ಲದ ಸೇವೆ ಮಾಡುತ್ತಾರೆ. ಒಂದು ವರ್ಷ ನೀರಿನ ಸಮಿತಿ, ಮತ್ತೊಂದು ವರ್ಷ ಕಾಡಿನ ಕಾವಲು. ಸೇವೆ ಬಾಕಿ ಇರುವಾಗ ಯಾರಾದರೂ ತೀರಿಕೊಂಡರೆ ಉಳಿದದ್ದನ್ನು ಮನೆಯವರು ಮುಗಿಸುತ್ತಾರೆ. ಮುಗಿಯುವ ತನಕ ಸಭೆಯಲ್ಲಿ ಆ ಹೆಸರು ಕೂಗುತ್ತಾರೆ, ಮನೆಯವರು ಎದ್ದು 'ಹಾಜರ್' ಎನ್ನುತ್ತಾರೆ, ಅವರ ಪರವಾಗಿ ಹೆಬ್ಬೆಟ್ಟು ಒತ್ತುತ್ತಾರೆ. ಸಹಿಪಟ್ಟಿ ಎಂದರೆ ಸಭೆಯ ಪಟ್ಟಿ ಎಂದೇ ನಾವೆಲ್ಲ ತಿಳಿದದ್ದು. ಎಲ್ಪಿದಿಯಕ್ಕ ಸತ್ತವರ ಗುರುತಿನ ಚೀಟಿಗಳನ್ನೂ ಮನೆಯವರಿಂದ ಕೇಳಿ ತಂದು, ಒಂದು ಅಂಕಿಯೂ ತಪ್ಪದಂತೆ ಸಂಖ್ಯೆ ಬರೆದಿದ್ದರು. ವಂಚಿಸುವವರು ಯಾರಾದರೂ ಹಾಗೆ ಮಾಡುತ್ತಾರೆಯೇ?

"ಸತ್ತಿದ್ದಾರೆ ಅಂತ ನನಗೆ ಗೊತ್ತಿರಲಿಲ್ವಾ?" ಆ ದಿನ ಅವರು ಕೇಳಿದ್ದು ಇಷ್ಟೇ. "ಅದರಲ್ಲಿ ಒಬ್ಬರು ನನ್ನ ಯಜಮಾನರು ಕಣ್ರೀ. ಆ ಹೆಬ್ಬೆಟ್ಟು ನಂದು."

ಅವರ ಗಂಡ ಅಬುಂದಿಯೋ ಊರಿನ ನೀರಿನ ಕೊಳವೆಗಳ ಉಸ್ತುವಾರಿಯಲ್ಲಿದ್ದಾಗ ತೀರಿಕೊಂಡವರು.

ಪತ್ರದ ಕೊನೆಯಲ್ಲಿ ಒಂದು ದಾರಿ ಇತ್ತು. ಹತ್ತೊಂಬತ್ತು ಸುಳ್ಳು ಹೆಸರುಗಳನ್ನು ಅರ್ಜಿ ಬರೆದವರು ತಪ್ಪಿನಿಂದ ಸೇರಿಸಿದರು ಎಂದು ಮೂವತ್ತು ದಿನದೊಳಗೆ ಬರೆದುಕೊಟ್ಟರೆ ನಿಷೇಧ ತೆಗೆಯುತ್ತಾರಂತೆ. ಭಾನುವಾರವೇ ಸಭೆ ಸೇರಿತು. ಆ ವರ್ಷದ ಅಧ್ಯಕ್ಷರು ಗಾವ್ದೆನ್ಸಿಯೋ ಮಾಮ, ಸ್ವಭಾವದಲ್ಲಿ ಸಾಧು.

"ಎಲ್ಪಿದಿಯಾ, ಒಂದು ಸಾಲು ಬರೆದು ಬಿಸಾಕಮ್ಮ. ನೀನು ಎಂಥವಳು ಅಂತ ನಮಗೆ ಗೊತ್ತಿಲ್ವಾ?" ಎಂದರು.

"ಬರೀತೀನಿ ಮಾಮ. ನನ್ನ ಹೆಸರು ಕೆಟ್ಟರೆ ಕೆಡಲಿ, ಚಿತ್ರ ಆಗಲಿ," ಎಂದರು ಇವರು.

ಆಗ ಹಿಂದಿನ ಬೆಂಚಿನಿಂದ ಫಿಲೆಮೋನಾ ಅಜ್ಜಿ ಕೋಲೂರಿ ಎದ್ದರು. "ಲೋ ಗಾವ್ದೆನ್ಸಿಯೋ, ಅದು ಅವಳ ಹೆಸರಿನ ವಿಚಾರ ಅಲ್ಲ ಕಣೋ. ಆ ಹತ್ತೊಂಬತ್ತು ಜನ ಸುಳ್ಳು ಅಂತ ಬರೆದು ಮೊಹರು ಒತ್ತುತ್ತೀಯಾ? ನಿಮ್ಮಪ್ಪನ ಹೆಸರೂ ಅದರಲ್ಲಿದೆ. ನಿಂಗೆ ನಾಚಿಕೆ ಆಗಲ್ವಾ? ಅವರನ್ನ ತೆಗೆದು ಮಾಡೋ ಸಿನಿಮಾದಲ್ಲಿ ನಾನು ಬಾಯಿ ಬಿಡಲ್ಲ. ಹೋಗಿ ಕಾರ್ಖಾನೆಯವನನ್ನೇ ಕೇಳಿ, ಅವನು ಹೇಳ್ತಾನೆ ಕಥೆ!"

ಗಾವ್ದೆನ್ಸಿಯೋ ಮಾಮ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡರು. ಆಮೇಲೆ ಎಲ್ಪಿದಿಯಕ್ಕ, "ಹಾಗಾದ್ರೆ ಅವರು ಯಾರು ಅಂತಾನೇ ಬರೆದು ಕಳಿಸ್ತೀನಿ," ಎಂದು ಎದ್ದು ಹೋದರು.

ಇಪ್ಪತ್ನಾಲ್ಕು ದಿನ, ಬೆಳಗಿನ ಐದರಿಂದ ಆರೂವರೆ. ಹತ್ತೊಂಬತ್ತು ಜನಕ್ಕೆ ಹತ್ತೊಂಬತ್ತು ಹಾಳೆ. ಹೆಸರು, ತೀರಿಕೊಂಡ ದಿನ, ಯಾವ ಸೇವೆ, ಎಷ್ಟು ಬಾಕಿ, ಯಾರು ಮುಗಿಸುತ್ತಿದ್ದಾರೆ. ನಾನು ಒಂದೊಂದನ್ನೂ ಓದಿದ್ದೇನೆ. 'ಕಾಡಿನ ಕಾವಲು, ನಾಲ್ಕು ತಿಂಗಳು ಬಾಕಿ, ಮಗಳು ಮಾಡುತ್ತಿದ್ದಾಳೆ.' 'ಬ್ಯಾಂಡಿನಲ್ಲಿ ತುತ್ತೂರಿ, ಒಂದು ಹಬ್ಬ ಬಾಕಿ, ತಮ್ಮನಿಗೆ ಇನ್ನೂ ಸರಿಯಾಗಿ ಊದಲು ಬರುವುದಿಲ್ಲ, ಕಲಿಯುತ್ತಿದ್ದಾನೆ.' ಸರ್ಕಾರಿ ಕಾಗದ ಓದಿ ನಾನು ಅತ್ತದ್ದು ಅದೇ ಮೊದಲು.

ಅಬುಂದಿಯೋ ಅವರ ಹಾಳೆಗೆ ಬಂದಾಗ ಮಾತ್ರ ಎರಡು ದಿನ ಕೈ ಓಡಲಿಲ್ಲ. ನಿಜ ಬರೆಯಬೇಕಲ್ಲ! 'ಕೊಳವೆ ದುರಸ್ತಿ ಏಳು ದಿನ ಬಾಕಿ ಇತ್ತು. ಹೆಂಡತಿ ಆರು ದಿನ ಮುಗಿಸಿದ್ದಾಳೆ. ಒಂದು ದಿನದ್ದು ಮೂರು ವರ್ಷದಿಂದ ಹಾಗೇ ಇಟ್ಟುಕೊಂಡಿದ್ದಾಳೆ.'

"ಅದೂ ಮುಗಿಸಿದ್ರೆ ಹೆಸರು ತೆಗೆದ್ಬಿಡ್ತಾರಲ್ಲ," ಎನ್ನುತ್ತಾರೆ, ಕಾಫಿಯ ಲೋಟ ತಿರುಗಿಸುತ್ತಾ. "ಊರಿಗೆಲ್ಲ ಗೊತ್ತು. ಕೊಳವೆ ಒಡೆದಾಗೆಲ್ಲ, ಎಲ್ಪಿದಿಯಾ ಬರ್ತೀಯಾ ಅಂತ ಬೇಕಂತಲೇ ಕರೀತಾರೆ, ರೇಗಿಸೋಕೆ. ನನಗೆ ಸೊಂಟ ನೋವು ಅಂತೀನಿ. ಮೂರು ವರ್ಷದಿಂದ ಅದೇ ಸೊಂಟ ನೋವು."

ಹಾಳೆಗಳು ಹೋದ ಮೇಲೆ ಫಿಲೆಮೋನಾ ಅಜ್ಜಿ ಉತ್ತರಕ್ಕೆ ಕಾಯಲಿಲ್ಲ. ಮಳೆಗೆ ಮುಂಚೆ ಮುಗಿಸಿ ಎಂದು ಹಟ ಹಿಡಿದರು. ಪಕ್ಕದ ಊರಿನ ರೇಡಿಯೋದವರಿಂದ ಕ್ಯಾಮೆರಾ ಎರವಲು ಬಂತು. ಏಪ್ರಿಲಿನಲ್ಲಿ ನಾಲ್ಕು ದಿನ ಊರಿಗೆ ಊರೇ ಬೆಟ್ಟ ಹತ್ತಿತು. ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತರು. "ಮೆಲ್ಲಗೆ ಹೋಗ್ರೋ, ನಾನೇನು ಜೋಳದ ಮೂಟೆಯಾ?" ಎಂದು ದಾರಿಯುದ್ದಕ್ಕೂ ಬೈದದ್ದೂ ಚಿತ್ರದಲ್ಲಿದೆ. ರಸ್ತೆಯಲ್ಲಿ ತಾವು ಮಲಗಿದ್ದ ಜಾಗ ಬಂದಾಗ, ಯಾರೂ ಹೇಳದೆಯೇ ಕುರ್ಚಿ ಇಳಿಸಿ ಎಂದವರು ಆ ಮಣ್ಣಿನ ಮೇಲೆ ಮತ್ತೆ ಮಲಗಿಯೇಬಿಟ್ಟರು. ಕ್ಯಾಮೆರಾ ಹಿಡಿದವಳೂ ಅವರ ಪಕ್ಕ ನೆಲಕ್ಕೆ ಕೂತಳು.

ಮೇ ತಿಂಗಳಲ್ಲಿ ನಿಧಿಯವರ ಉತ್ತರ ಬಂತು. ನಿಷೇಧ ತೆಗೆದಿದ್ದೇವೆ, ವಂಚನೆ ಎಂಬ ಮಾತನ್ನು ಹಿಂದಕ್ಕೆ ಪಡೆದಿದ್ದೇವೆ, ಈ ವರ್ಷದ ಅನುದಾನ ಹಂಚಿಕೆಯಾಗಿದೆ, ಬರುವ ಫೆಬ್ರುವರಿಯಲ್ಲಿ ಮತ್ತೆ ಅರ್ಜಿ ಹಾಕಿ, ಸತ್ತವರ ಹಾಳೆಗಳನ್ನು ಬೇರೆ ಲಗತ್ತಾಗಿ ಇಡಿ. ಊರು ನಿಟ್ಟುಸಿರು ಬಿಟ್ಟಿತು. ತೆಗೆದದ್ದನ್ನು ಕತ್ತರಿಸಿ ಜೋಡಿಸಬೇಕು, ನಮ್ಮ ಭಾಷೆ ಬಾರದವರಿಗೆ ಪರದೆಯ ಕೆಳಗೆ ಅನುವಾದ ಕೂಡಿಸಬೇಕು, ಅದಕ್ಕೆ ಈ ಅನುದಾನ ಬೇಕೇ ಬೇಕು.

ನವೆಂಬರಿನಲ್ಲಿ ಫಿಲೆಮೋನಾ ಅಜ್ಜಿ ನಿದ್ದೆಯಲ್ಲೇ ಹೋದರು.

ಮಣ್ಣು ಮಾಡಿದ ಮೇಲಿನ ಮೊದಲ ಸಭೆಯಲ್ಲಿ ಗುಮಾಸ್ತ ಎಂದಿನಂತೆ ಹೆಸರು ಕೂಗುತ್ತಾ ಬಂದ. "ಫಿಲೆಮೋನಾ ಮಾನ್ಸಾನೋ." ಅಜ್ಜಿಗೆ ಮಕ್ಕಳಿಲ್ಲ, ಮನೆಯಲ್ಲಿ ಯಾರೂ ಇಲ್ಲ. ಅದು ನಮಗೆ ಆ ಕ್ಷಣದವರೆಗೆ ಹೊಳೆದೇ ಇರಲಿಲ್ಲ. ಎರಡನೆಯ ಸಲ ಕೂಗಿದ. ಮೂರನೆಯ ಸಲಕ್ಕೂ ಉತ್ತರ ಬಾರದಿದ್ದರೆ ಹೆಸರಿನ ಮೇಲೆ ಗೆರೆ.

"ಹಾಜರ್," ಎಂದರು ಎಲ್ಪಿದಿಯಕ್ಕ.

ಗಾವ್ದೆನ್ಸಿಯೋ ಮಾಮ ತಲೆಯೆತ್ತಿದರು. "ನೀನು ಅವರ ಮನೆಯವಳಲ್ವಲ್ಲಮ್ಮ."

"ಅವರು ಬಿಟ್ಟುಹೋದ ಸೇವೆ ನನ್ನ ಅಂಗಡೀಲಿದೆ ಮಾಮ. ಸಿನಿಮಾ ಇನ್ನೂ ಮುಗಿದಿಲ್ಲ."

ಗುಮಾಸ್ತ ಅಧ್ಯಕ್ಷರ ಮುಖ ನೋಡಿದ. ಅವರು ತಲೆಯಾಡಿಸಿದರು. ಗೆರೆ ಎಳೆಯಲಿಲ್ಲ.

ಈಗ ಆರು ಗಂಟೆ ಇಪ್ಪತ್ತು ನಿಮಿಷ. ಬೀದಿಯಲ್ಲಿ ಹಿಟ್ಟಿನ ಗಿರಣಿ ಶುರುವಾಗಿದೆ. ಎಲ್ಪಿದಿಯಕ್ಕ ಕೊನೆಯ ಲಗತ್ತನ್ನು ಸೇರಿಸುತ್ತಾರೆ. ಇಪ್ಪತ್ತನೆಯ ಹಾಳೆ, ಇದೇ ವಾರ ಬರೆದದ್ದು. ಗುಂಡಿ ಒತ್ತುತ್ತಾರೆ. ಪರದೆಯ ಮೇಲೆ ಚಕ್ರ ತಿರುಗುತ್ತದೆ, ತಿರುಗುತ್ತಲೇ ಇರುತ್ತದೆ. 'ಸ್ವೀಕರಿಸಲಾಗಿದೆ.'

ಕೊಡದಿದ್ದರೆ ಏನು ಮಾಡುತ್ತೀರಿ ಎಂದು ಕೇಳುತ್ತೇನೆ.

"ಕೊಟ್ರೆ ಈ ವರ್ಷ ಮುಗಿಯುತ್ತೆ. ಇಲ್ಲದಿದ್ರೆ ನಲವತ್ಮೂರನೇ ಅರ್ಜಿ ಬರೀತೀನಿ. ತಡ ಆದಷ್ಟೂ ಅಜ್ಜಿ ಪಟ್ಟೀಲಿ ಇರ್ತಾರೆ ಬಿಡಿ," ಎಂದು ಮೊಹರನ್ನು ಬಟ್ಟೆಯಲ್ಲಿ ಸುತ್ತಿಡುತ್ತಾರೆ.

ಈ ಲೇಖನ ಭಾನುವಾರದ ಪುರವಣಿಯಲ್ಲಿ ಬರುತ್ತದೆ, ಹನ್ನೊಂದು ವರ್ಷದ ಮೇಲೆ ಮೊದಲ ಸಲ ನಿಮ್ಮ ಹೆಸರು ಅಚ್ಚಾಗುತ್ತದೆ, ಏನಾದರೂ ಹೇಳಬೇಕೇ ಎಂದೆ.

"ಆ ಇಪ್ಪತ್ತು ಹೆಸರೂ ಹಾಕಿ. ಜಾಗ ಸಾಲಲ್ಲ ಅಂದ್ರೆ ನಂದು ತೆಗೀರಿ."