ಸತ್ತವರ ಪಟ್ಟಿಯಲ್ಲಿ ಒಂದು ಹೆಸರು

ಶನಿವಾರ ಬೆಳಿಗ್ಗೆ ಕರಿಬೇವು, ತೊಂಡೆಕಾಯಿ ತರಲೆಂದು ಅಮೆರಿಕದ ನಮ್ಮೂರು ಡೈಮಂಡ್ ಬಾರಿನಿಂದ ಇಂಡಿಯನ್ ಅಂಗಡಿಗಳಿರುವ ಆರ್ಟೀಸಿಯಾಕ್ಕೆ ಹೊರಟರೆ ಪಕ್ಕದ ಸೀಟಿನಲ್ಲಿ ಹಿಲ್ಡಾ ಆಂಟಿ ಇರಲೇಬೇಕು. ಮಂಗಳೂರಿನ ಕಾನ್ವೆಂಟಿನಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ, ಈಗ ಮಗಳ ಮನೆಯಲ್ಲಿರುವವರು ಅವರು. ನಾನು ಬೀದರಿನ ಲಿಂಗಾಯತರ ಮನೆಯವಳು. ನಮ್ಮಿಬ್ಬರನ್ನು ಕೂಡಿಸಿದ್ದು ಕನ್ನಡ, ಮತ್ತು ಅವರಿಗೆ ಡ್ರೈವಿಂಗ್ ಬಾರದಿದ್ದುದು.

೨೦೧೨ರಲ್ಲಿರಬೇಕು, ನಾನು ಸಂಜೆ ಕಾಲೇಜಿನಲ್ಲಿ ಆದಿಕಾಲದ ಕ್ರೈಸ್ತ ಧರ್ಮದ ಇತಿಹಾಸ ಓದುತ್ತಿದ್ದೆ. "ಈ ವಾರ ಎಂತ ಪಾಠ ಆಯ್ತು ಮಾರಾಯ್ತಿ?" ಎಂದು ಆಂಟಿ ಕಾರು ಹತ್ತಿದೊಡನೆ ಕೇಳುವರು. ರೋಮಿನ ದೊರೆಗಳು ಕ್ರೈಸ್ತರನ್ನು ಮೃಗಗಳ ಬಾಯಿಗೊಡ್ಡಿದ ಕಥೆಗೆ ಅವರ ಕಣ್ಣು ತುಂಬುತ್ತಿತ್ತು. ಆಮೇಲೆ ದೊರೆಯೇ ಕ್ರೈಸ್ತನಾದ ನಂತರದ ಪಾಠಗಳು ಬಂದವು: ಗುಡಿಗಳನ್ನು ಕೆಡವಿದ್ದು, ಕ್ರಿಸ್ತನನ್ನೇ ಬೇರೆ ಬಗೆಯಲ್ಲಿ ನಂಬಿದವರನ್ನು ಊರು ಬಿಡಿಸಿ ಅಟ್ಟಿದ್ದು, ಕೊನೆಗೆ ಅಲೆಕ್ಸಾಂಡ್ರಿಯಾದಲ್ಲಿ ಗಣಿತ ಕಲಿಸುತ್ತಿದ್ದ ಗ್ರೀಕ್ ಹೆಂಗಸೊಬ್ಬಳನ್ನು ಕ್ರೈಸ್ತರ ಗುಂಪೊಂದು ಗಾಡಿಯಿಂದ ಎಳೆದೊಯ್ದು ಚರ್ಚಿನಲ್ಲಿ ಕೊಂದದ್ದು. ಆ ಶನಿವಾರ ನಾನು ತರಕಾರಿಯ ಮಾತು ತೆಗೆದು ತಪ್ಪಿಸಿಕೊಳ್ಳಲು ನೋಡಿದೆ.

"ಎಂತ ಮುಚ್ಚಿಡ್ತಿ? ಹೇಳು."

ಹೇಳಿದೆ. ಫ್ರೀವೇ ಮುಗಿಯಿತು. ಆಮೇಲೆ, "ಮ್ಯಾತ್ಸ್ ಟೀಚರಾ? ಅಷ್ಟು ವರ್ಷ ಸಿಸ್ಟರ್‌ಗಳ ಜೊತೆ ಇದ್ದೆ, ಯಾರೂ ಹೇಳ್ಲಿಲ್ಲ. ಕೊಂದವರು ನಮ್ಮವರೇ ಅಲ್ವಾ?" ಎಂದರು.

ನಿಮ್ಮಲ್ಲಿ ಸುಳ್ಳೇಕೆ, ತರಗತಿಯಲ್ಲಿ ಆ ಪಾಠ ಕೇಳುವಾಗ ನನ್ನೊಳಗೆ ಸಣ್ಣದೊಂದು ಖುಷಿ ಮಿಸುಕಿತ್ತು, ಇವರೂ ಇಷ್ಟೇ ನೋಡು ಎಂಬ ಖುಷಿ. ಆಂಟಿಯ ಮುಖ ಕಂಡು ಅದಕ್ಕೆ ನಾಚಿದೆ. "ನಮ್ಮ ಕಲ್ಯಾಣದಾಗೂ ಶರಣರನ್ನ ಆನೆ ಕಾಲಿಗೆ ಕಟ್ಟಿ ಎಳೆಸಿದ್ರು ಆಂಟಿ. ಅವರೂ ಧರ್ಮ ಉಳಸ್ತೀವಂತನೇ ಅಂದಿದ್ರು," ಎಂದೆ. ಅವರು ತಲೆಯಾಡಿಸಿದರು; ಸಮಾಧಾನವಾದಂತೆ ಕಾಣಲಿಲ್ಲ. ನೊಂದವರ ಮೊಮ್ಮಕ್ಕಳು ನೋಯಿಸುವವರಾಗಲು ಎಷ್ಟು ಅಲ್ಪ ಕಾಲ ಸಾಕಲ್ಲವೇ, ಅರಮನೆಯ ಬಾಗಿಲೊಂದು ತಮ್ಮ ಕಡೆ ತೆರೆದುಕೊಂಡರೆ!

ಮುಂದಿನ ಎರಡು ಶನಿವಾರ ಆಂಟಿ ಬರಲಿಲ್ಲ. ಮೊಣಕಾಲು ನೋವು ಎಂದಳು ಮಗಳು. ಹೇಳಬಾರದಿತ್ತೇನೋ, ಎಪ್ಪತ್ತು ವರ್ಷದ ನಂಬಿಕೆಗೆ ಕೈಯಾರೆ ಪೆಟ್ಟು ಕೊಟ್ಟೆನೇನೋ ಎಂದು ಕೊರಗಿದೆ. ನವೆಂಬರಿನಲ್ಲಿ ಅವರೇ ಫೋನ್ ಮಾಡಿದರು. "ಸತ್ತವರ ದಿನದ ಪೂಜೆ ಉಂಟು. ನೀನೇ ಚರ್ಚಿಗೆ ಕರ್ಕೊಂಡು ಹೋಗು."

ಪೂಜೆಯ ನಡುವೆ ಪಾದ್ರಿಗಳು ಮನೆಮನೆಯವರು ಬರೆದುಕೊಟ್ಟಿದ್ದ ಹೆಸರುಗಳನ್ನು ಓದತೊಡಗಿದರು. ಆಂಟಿಯ ಗಂಡ, ತಾಯಿ, ಅಣ್ಣ. ಅದರ ಬೆನ್ನಿಗೇ ಒಂದು ಗ್ರೀಕ್ ಹೆಸರು. ಪಾದ್ರಿಗಳು ತಡವರಿಸಿ, ಕನ್ನಡಕ ಸರಿಪಡಿಸಿಕೊಂಡು ಮತ್ತೊಮ್ಮೆ ಬಿಡಿಸಿ ಓದಿದರು. ಚರ್ಚಿನಲ್ಲಿ ಪ್ರಾಣ ಬಿಟ್ಟ ಆಕೆಗೆ ಸಾವಿರದಾರುನೂರು ವರ್ಷಗಳ ಮೇಲೆ ಇನ್ನೊಂದು ಚರ್ಚು ಎದ್ದು ನಿಂತು ಶಾಂತಿ ಕೋರಿತು. ಆಂಟಿ ನನ್ನ ಮುಂಗೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದಿದ್ದರು.

ಹೊರಗೆ ಬಾಗಿಲಲ್ಲಿ ನಿಂತಿದ್ದ ಪಾದ್ರಿಗಳು, ಆ ಕೊನೆಯ ಹೆಸರು ನಿಮ್ಮ ಬಂಧುಗಳದ್ದೇ ಎಂದು ಕೇಳಿದರು.

"ಕಲೀಗ್, ಫಾದರ್," ಎಂದರು ಹಿಲ್ಡಾ ಆಂಟಿ.